ದೇವಿಮನೆ ಘಟ್ಟದಲ್ಲಿ ಕಾಡುಹೂ ಹುಡುಕುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಉತ್ತರ ಕನ್ನಡದಲ್ಲಿ ಶಿರಸಿಯಿಂದ ಕುಮಟಾಕ್ಕೆ ಇಳಿಯುವ ದೇವಿಮನೆ ಘಟ್ಟದ ದಾರಿಯಲ್ಲಿ ಕಾಡುಹೂ ನೋಡಬೇಕು, ನಮ್ಮ ಕಾಡಿನ ಗಿಡಮರ ಗುರುತಿಸಬೇಕು ಅಂತ ಬರುವವರು ಈಗ ಜಾಸ್ತಿ ಆಗಿದ್ದಾರೆ. ಫೋನ್ ಮಾಡಿ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಇಲ್ಲೇ ಬರೆದಿಟ್ಟಿದ್ದೇನೆ.

ಯಾವ ತಿಂಗಳು ಬಂದರೆ ಒಳ್ಳೆಯದು?

ನೆಲದ ಹೂ ನೋಡಬೇಕಾದರೆ ಆಗಸ್ಟ್ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗೆ. ಚೌತಿ ಹಬ್ಬದ ಹಿಂದೆಮುಂದೆ ಅಂತ ಇಟ್ಟುಕೊಳ್ಳಿ. ಮರದ ಹೂ ಬೇಕಾದರೆ ಜನವರಿಯಿಂದ ಮೇ. ಎರಡೂ ಒಂದೇ ಸಲಕ್ಕೆ ಆಗುವುದಿಲ್ಲ.

ಇನ್ನು ಜೂನ್ ಅನ್ನು ಬಹಳ ಜನ ಬಿಟ್ಟೇಬಿಡುತ್ತಾರೆ. ಮೊದಲ ಮಳೆ ಬಿದ್ದ ಮೇಲೆ ನೆಲದೊಳಗಿನ ಗೆಡ್ಡೆಗಳೆಲ್ಲ ಒಮ್ಮೆಲೇ ಏಳುತ್ತವೆ. ಕಾಡರಿಶಿನದ ಹೂಗೊನೆ ತುದಿಯಲ್ಲಿ ಗುಲಾಬಿ ಬಣ್ಣಕ್ಕೆ ತಿರುಗಿರುತ್ತದೆ. ಕಾಡು ಸುವರ್ಣಗೆಡ್ಡೆ ಎಲೆ ಬರುವ ಮುಂಚೆಯೇ ಹೂ ಬಿಡುತ್ತದೆ, ಅದರ ಕೊಳೆತ ನಾತಕ್ಕೆ ನೊಣ, ಜೀರುಂಡೆ ಎಲ್ಲ ಸೇರುತ್ತವೆ. ಮೂಗು ಮುಚ್ಚಿಕೊಂಡಾದರೂ ಒಮ್ಮೆ ನೋಡಬೇಕಾದ ಹೂವು ಅದು.

ಜುಲೈನಲ್ಲಿ ಮಾತ್ರ ಹೂವಿಗಾಗಿ ಬರಬೇಡಿ. ಮಳೆ ಬಿಡುವುದಿಲ್ಲ, ಕ್ಯಾಮೆರಾ ತೆಗೆಯಲಿಕ್ಕೂ ಆಗುವುದಿಲ್ಲ. ನಮ್ಮ ಕರಾವಳಿಗೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ. ಅದರ ದೊಡ್ಡ ಪಾಲು ಬೀಳುವುದು ಜೂನ್‌ನಿಂದ ಆಗಸ್ಟಿನ ಒಳಗೇ.

ಕಳೆದ ವರ್ಷ ಬಂದಿದ್ದೆವು, ಹಸಿರು ಬಿಟ್ಟರೆ ಏನೂ ಕಾಣಲಿಲ್ಲ. ಹೂ ಎಲ್ಲಿರುತ್ತವೆ?

ಈ ಪ್ರಶ್ನೆ ಕೇಳುವವರಲ್ಲಿ ಹೆಚ್ಚಿನವರು ಸಾತಾರಾದ ಕಾಸ್ ಪ್ರಸ್ಥಭೂಮಿಯ ಫೋಟೋ ನೋಡಿಕೊಂಡು ಬಂದಿರುತ್ತಾರೆ. ಎಕರೆಗಟ್ಟಲೆ ಒಂದೇ ಬಣ್ಣದ ಹೂ ಹಾಸಿರುವುದು ಇಲ್ಲಿ ಸಿಗುವುದಿಲ್ಲ. ಇದು ದಟ್ಟ ಕಾಡು. ನೆಲಕ್ಕೆ ಬಿಸಿಲು ತಾಗುವುದೇ ಅಪರೂಪ. ಬಿಸಿಲಿಲ್ಲದ ಕಡೆ ಹೂ ಎಲ್ಲಿಂದ ಬರಬೇಕು?

ಬಿಸಿಲು ಬೀಳುವ ಜಾಗ ಅಂದರೆ ರಸ್ತೆಯ ಅಂಚು. ಹಾಗಾಗಿ ನೀವು ನೋಡಬೇಕಾದದ್ದು ಕಣಿವೆಯ ಕಡೆ ಅಲ್ಲ, ಧರೆಯ ಕಡೆ, ಅಂದರೆ ರಸ್ತೆಗಾಗಿ ಗುಡ್ಡ ಕಡಿದಲ್ಲಿ ಗೋಡೆಯ ಹಾಗೆ ನಿಂತ ಬದಿಯ ಕಡೆ. ಎಲ್ಲರೂ ಕಾರಿನಿಂದ ಇಳಿದು ಕಣಿವೆ ನೋಡುತ್ತಾ ಸೆಲ್ಫಿ ತೆಗೆಯುತ್ತಾರೆ, ಬೆನ್ನ ಹಿಂದಿನ ಧರೆಯಲ್ಲಿ ಹತ್ತಾರು ಜಾತಿ ಹೂಗಳಿರುತ್ತವೆ.

ಎಲ್ಲ ಧರೆಯೂ ಒಂದೇ ಅಲ್ಲ. ಈಚೆಗೆ ಕಡಿದ ಕೆಂಪು ಮಣ್ಣಿನ ಧರೆಯಲ್ಲಿ ಏನೂ ಇರುವುದಿಲ್ಲ, ಇದ್ದರೂ ಹೊರಗಿನ ಕಳೆ. ಹಳೆಯ ಧರೆ ಹುಡುಕಿ. ಕಲ್ಲು ಕಪ್ಪಾಗಿರಬೇಕು, ಪಾಚಿ ಹಿಡಿದಿರಬೇಕು, ಮಳೆ ನಿಂತ ಮೇಲೂ ನೀರು ಜಿನುಗುತ್ತಿರಬೇಕು. ಅಂಥ ಕಡೆ ಮುಖವನ್ನು ಒಂದು ಮೊಳ ಹತ್ತಿರ ತಂದು ಸುಮ್ನೆ ನಿಂತುಕೊಳ್ಳಿ. ಮೊದಲು ಬರೀ ಪಾಚಿ ಕಾಣುತ್ತದೆ. ಆಮೇಲೆ ಮೂರೇ ಎಸಳಿನ ಒಂದು ಗುಲಾಬಿ ಹೂ ಕಾಣುತ್ತದೆ, ಬೆರಳಿನ ಉಗುರಿಗಿಂತ ಸಣ್ಣದು, ನಡುವೆ ಮೂರು ಹಳದಿ ಕೇಸರ. ಅದು ಸೊನೆರಿಲಾ. ಅದರ ಪಕ್ಕ ಒಂದು ಕಡೆಗೆ ವಾಲಿದ ಎಲೆಯ ಬೆಗೋನಿಯಾ. ಅದರ ಕೆಳಗೆ ಇನ್ನೇನೋ. ಒಂದು ಗಂಟೆ ಅಲ್ಲೇ ಹೋಗುತ್ತದೆ.

ಎರಡನೆಯ ಉಪಾಯ, ಡಾಂಬರಿನ ಮೇಲೆ ಏನು ಬಿದ್ದಿದೆ ಅಂತ ನೋಡಿ. ನೂರಡಿ ಎತ್ತರದ ಮರದ ಹೂ ಕೆಳಗಿನಿಂದ ಕಾಣುವುದಿಲ್ಲ, ಉದುರಿದ ಎಸಳು ಕಾಣುತ್ತದೆ. ಎಸಳು ಕಂಡಲ್ಲಿ ತಲೆ ಎತ್ತಿ.

ಕಾರಿನಲ್ಲೇ ಕೂತು ನೋಡುತ್ತಾ ಹೋಗಬಹುದಲ್ವಾ?

ಹೋಗಬಹುದು. ಆದರೆ ಕಾಣುವುದು ಲಂಟಾನಾ ಮಾತ್ರ.

ಇದು ರಾಷ್ಟ್ರೀಯ ಹೆದ್ದಾರಿ 766ಇ. ಲಾರಿ, ಬಸ್ಸು, ಮೀನಿನ ಗಾಡಿ ಎಲ್ಲ ಓಡುತ್ತವೆ, ರಸ್ತೆ ಅಗಲ ಮಾಡುವ ಕೆಲಸವೂ ವರ್ಷಗಟ್ಟಲೆ ನಡೆದಿದೆ. ಡ್ರೈವರ್ ರಸ್ತೆ ನೋಡಲಿ, ಹೂ ನೋಡುವ ಕೆಲಸ ಪಕ್ಕದಲ್ಲಿ ಕೂತವರದ್ದು. ತಿರುವಿನಲ್ಲಿ ಗಾಡಿ ನಿಲ್ಲಿಸಲೇಬೇಡಿ, ಎಷ್ಟೇ ಚಂದದ ಹೂ ಕಂಡರೂ. ಮುಂದೆ ಹೋಗಿ ಅಗಲ ಇರುವಲ್ಲಿ ನಿಲ್ಲಿಸಿ, ನಡೆದು ವಾಪಸ್ ಬನ್ನಿ. ದೇವಿಮನೆ ದೇವಸ್ಥಾನದ ಹತ್ತಿರ ಗಾಡಿ ಬಿಟ್ಟು ಅಲ್ಲಿಂದ ಕಾಲ್ನಡಿಗೆಯಲ್ಲಿ ಹೊರಡುವುದು ನನ್ನ ಪ್ರಕಾರ ಎಲ್ಲಕ್ಕಿಂತ ಒಳ್ಳೆಯದು. ಅರವತ್ತು ಕಿಲೋಮೀಟರ್ ದಾರಿಯನ್ನು ಒಂದೇ ದಿನ ಪೂರ್ತಿ ನೋಡುವ ಆಸೆ ಬಿಡಿ. ಒಂದು ಕಿಲೋಮೀಟರ್ ನಡೆದರೂ ಸಾಕು. ಅದೇ ಕಿಲೋಮೀಟರಿಗೆ ಮುಂದಿನ ತಿಂಗಳು ಮತ್ತೆ ಬಂದರೆ ಬೇರೆಯೇ ಹೂ ಇರುತ್ತವೆ.

ದೇವಿಮನೆಯೇ ಯಾಕೆ? ಜಿಲ್ಲೆಯಲ್ಲಿ ಬೇರೆ ಘಟ್ಟಗಳಿಲ್ವಾ?

ಇವೆ. ಯಲ್ಲಾಪುರದಿಂದ ಅಂಕೋಲೆಗೆ ಇಳಿಯುವ ಅರಬೈಲ್ ಘಟ್ಟದಲ್ಲಿ ಲಾರಿ ಸಾಲು ನಿಲ್ಲುವುದೇ ಇಲ್ಲ, ಅಲ್ಲಿ ಇಳಿದು ನಡೆಯಿರಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಕಾರವಾರದಿಂದ ಕದ್ರಾ ಮೇಲೆ ಜೋಯಿಡಾಕ್ಕೆ ಹತ್ತುವ ಅಣಶಿ ಘಟ್ಟ ಅದ್ಭುತವಾಗಿದೆ, ಆದರೆ ಅದು ಹುಲಿ ಸಂರಕ್ಷಿತ ಪ್ರದೇಶ. 2007ರಲ್ಲಿ ಅಣಶಿ ದಾಂಡೇಲಿ ಅಂತ ಘೋಷಣೆ ಆಯಿತು, 2015ರಿಂದ ಕಾಳಿ ಅನ್ನುವ ಹೆಸರು. ಅಲ್ಲಿ ಮನಸ್ಸಿಗೆ ಬಂದಲ್ಲಿ ಇಳಿಯುವಂತಿಲ್ಲ, ಅರಣ್ಯ ಇಲಾಖೆ ಬಿಟ್ಟ ಕಡೆ ಮಾತ್ರ. ಹೊನ್ನಾವರದಿಂದ ಜೋಗಕ್ಕೆ ಹೋಗುವ ಗೇರುಸೊಪ್ಪೆ ಮಾಲೆಮನೆ ಘಟ್ಟದ ಕಾಡು ಇನ್ನೂ ಹಳೆಯದು, ಇನ್ನೂ ಕತ್ತಲೆ. ಅಲ್ಲೂ ಅಭಯಾರಣ್ಯದ ನಿಯಮ ಇದೆ.

ದೇವಿಮನೆಯ ಅನುಕೂಲ ಏನೆಂದರೆ, ಶಿರಸಿ ಸುಮಾರು ಆರುನೂರು ಮೀಟರ್ ಎತ್ತರದಲ್ಲಿದೆ, ಕುಮಟಾ ಸಮುದ್ರದ ಮಟ್ಟದಲ್ಲಿ. ಮೇಲೆ ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟ, ಅಡಿಕೆ ತೋಟ, ಬೇಣ (ಹುಲ್ಲುಗಾವಲು). ನಡುವೆ ನಿತ್ಯಹಸಿರು ಕಾಡು. ಕತಗಾಲ ದಾಟಿದ ಮೇಲೆ ಗದ್ದೆ, ಚಿರೆಕಲ್ಲಿನ (ಜಂಬಿಟ್ಟಿಗೆಯ) ಗುಡ್ಡ, ಅಘನಾಶಿನಿ ಹೊಳೆ. ಒಂದೇ ದಾರಿಯಲ್ಲಿ ಇಷ್ಟು ಬಗೆಯ ನೆಲ ಸಿಗುತ್ತದೆ.

ಧರೆ ತುಂಬ ಇರುವ ಆ ಗುಲಾಬಿ ಹೂ ಯಾವುದು?

ಸೆಪ್ಟೆಂಬರಿನಲ್ಲಿ ಕೇಳುತ್ತಿದ್ದೀರಿ ಅಂದರೆ ಬಹುತೇಕ ಕರ್ಣಕುಂಡಲ. ಇದರಲ್ಲಿ ಒಂದಲ್ಲ, ಹಲವು ಜಾತಿ ಇವೆ. ಪಶ್ಚಿಮ ಘಟ್ಟದ ಕರ್ಣಕುಂಡಲಗಳಲ್ಲಿ ಬಹುಪಾಲು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಹೂವನ್ನು ಎದುರಿನಿಂದ ನೋಡಬೇಡಿ, ಪಕ್ಕದಿಂದ ನೋಡಿ. ಹಿಂದೆ ಸಣ್ಣ ಬಾಗಿದ ಕೊಳವೆ ಇರುತ್ತದೆ, ಅದರ ತುದಿಯಲ್ಲಿ ಮಕರಂದ. ಕೊಳವೆ ಉದ್ದವಾ, ಗಿಡ್ಡವಾ, ನೆಟ್ಟಗಿದೆಯಾ, ಸುರುಳಿಯಾ ಅನ್ನುವುದರ ಮೇಲೆ ಜಾತಿ ಗುರುತಿಸಬಹುದು. ಬಲಿತ ಕಾಯಿಯನ್ನು ಮೆಲ್ಲಗೆ ಮುಟ್ಟಿದರೆ ಪಟಕ್ಕನೆ ಸಿಡಿದು ಬೀಜ ಹಾರುತ್ತದೆ. ಮಕ್ಕಳನ್ನು ಕರೆದುಕೊಂಡು ಬಂದಿದ್ದರೆ ಇದೊಂದನ್ನು ತೋರಿಸಿ ಸಾಕು, ಆಮೇಲೆ ಅವರೇ ನಿಮ್ಮನ್ನು ಎಳೆದುಕೊಂಡು ಹೋಗುತ್ತಾರೆ.

ಗಿಡ ಎದೆಯೆತ್ತರ ಇದ್ದು, ಹೂ ಅಂಗೈ ಅಗಲಕ್ಕೆ ಹತ್ತಿರ, ಎಲೆ ಮುಟ್ಟಿದರೆ ದೊರಗು, ಉದ್ದಕ್ಕೆ ನರ ಎದ್ದು ಕಾಣುತ್ತವೆ ಅಂದರೆ ಅದು ನೆಕ್ಕರಿಕ. ಅದರ ಕೇಸರ ನೋಡಿ. ಐದು ಉದ್ದ, ನೇರಳೆ ಬಣ್ಣದ್ದು, ಬಾಗಿರುತ್ತವೆ. ಐದು ಗಿಡ್ಡ, ಹಳದಿ. ಜೇನ್ನೊಣ ಹಳದಿ ಕೇಸರದ ಮೇಲೆ ಕೂತು ಪರಾಗ ತಿನ್ನುತ್ತಿದ್ದರೆ ಉದ್ದ ಕೇಸರದ ಪರಾಗ ಅದರ ಮೈಗೆ ಹತ್ತುತ್ತದೆ. ತಿನ್ನಲಿಕ್ಕೆ ಒಂದು, ಸಾಗಿಸಲಿಕ್ಕೆ ಇನ್ನೊಂದು. ಎಂಥಾ ಲೆಕ್ಕಾಚಾರ ನೋಡಿ!

ದೂರದಿಂದ ಬಿಳಿ ಕಾಗದ ಸಿಕ್ಕಿಸಿದಂತೆ ಕಾಣುವ ಬಳ್ಳಿ?

ಬೆಳ್ಳಟ್ಟೆ. ಆ ಬಿಳಿಯದು ಎಸಳಲ್ಲ, ಎಲೆಯೂ ಅಲ್ಲ. ಹೂವಿನ ಕೆಳಗಿನ ಪುಷ್ಪಪತ್ರಗಳಲ್ಲಿ ಒಂದು ದೊಡ್ಡದಾಗಿ ಬೆಳ್ಳಗಾಗಿರುತ್ತದೆ. ನಿಜವಾದ ಹೂ ಅದರ ಪಕ್ಕದಲ್ಲಿ ಸಣ್ಣಗೆ ಕಿತ್ತಳೆ ಬಣ್ಣದಲ್ಲಿದೆ. ಚಿಟ್ಟೆ ಕರೆಯಲಿಕ್ಕೆ ಈ ಬಿಳಿ ಬಾವುಟ.

ಗೌರಿ ಹೂ ಎಲ್ಲಿ ಸಿಗುತ್ತದೆ? ಫಲಾವಳಿಗೆ ಕೊಯ್ಯಬಹುದಾ?

ಬೇಲಿ ಸಾಲು, ಬೇಣದ ಅಂಚು, ರಸ್ತೆ ಪಕ್ಕದ ಪೊದೆ. ದಟ್ಟ ಕಾಡಿನೊಳಗೆ ಹುಡುಕಬೇಡಿ. ಅರಳುವಾಗ ಹಸಿರು ಹಳದಿ, ದಿನ ಕಳೆದ ಹಾಗೆ ಕೆಂಪಾಗುತ್ತದೆ, ಹಾಗಾಗಿ ಒಂದೇ ಬಳ್ಳಿಯಲ್ಲಿ ಎರಡು ಮೂರು ಬಣ್ಣ. ಎಲೆಯ ತುದಿ ಗಮನಿಸಿ. ಅದೇ ಉದ್ದಕ್ಕೆ ಬೆಳೆದು ಸುರುಳಿ ಸುತ್ತಿ ಪಕ್ಕದ ಕಡ್ಡಿ ಹಿಡಿದುಕೊಂಡಿರುತ್ತದೆ. ಹತ್ತಲಿಕ್ಕೆ ಬೇರೆ ಕೈ ಇಲ್ಲ ಅದಕ್ಕೆ.

ಚೌತಿಯಲ್ಲಿ ಗಣಪತಿಯ ಮೇಲೆ ಕಟ್ಟುವ ಫಲಾವಳಿಗೆ ಕಾಡಿನ ಕಾಯಿ, ಹೂ ತರುವುದು ನಮ್ಮಲ್ಲಿ ತಲೆತಲಾಂತರದಿಂದ ಇದೆ. ನಿಮ್ಮ ಬೇಣದಲ್ಲಿದ್ದರೆ ಒಂದೆರಡು ಹೂ ಕೊಯ್ದರೆ ಏನೂ ಆಗುವುದಿಲ್ಲ. ಗೆಡ್ಡೆ ಕೀಳಬೇಡಿ. ಇನ್ನೊಂದು, ಗಿಡದ ಎಲ್ಲ ಭಾಗವೂ ವಿಷ, ಗೆಡ್ಡೆಯಂತೂ ಜೀವ ತೆಗೆಯುವಷ್ಟು. ಕೊಯ್ದ ಮೇಲೆ ಕೈ ತೊಳೆಯಿರಿ, ಮಕ್ಕಳ ಕೈಗೆ ಕೊಡಬೇಡಿ.

ಯಾವುದು ನಮ್ಮ ಕಾಡಿನ ಗಿಡ, ಯಾವುದು ಹೊರಗಿನಿಂದ ಬಂದದ್ದು, ಹೇಗೆ ಗೊತ್ತಾಗುತ್ತದೆ?

ಈ ಪ್ರಶ್ನೆ ಕೇಳುವವರನ್ನು ಕಂಡರೆ ನನಗೆ ಖುಷಿ. ಯಾಕೆಂದರೆ ರಸ್ತೆ ಬದಿಯಲ್ಲಿ ಕಣ್ಣಿಗೆ ಹೊಡೆಯುವ ಹೂಗಳಲ್ಲಿ ಅರ್ಧಕ್ಕರ್ಧ ನಮ್ಮವಲ್ಲ.

ಲಂಟಾನಾ ಗೊತ್ತೇ ಇದೆ, ಅಮೆರಿಕ ಖಂಡದ್ದು. ಡಿಸೆಂಬರ್ ಜನವರಿಯಲ್ಲಿ ರಸ್ತೆಯುದ್ದಕ್ಕೂ ಮಾಸಲು ಬಿಳಿ ಹೂ ಬಿಟ್ಟು, ಹಿಸುಕಿದರೆ ಘಾಟು ಬರುವ ಯುಪಟೋರಿಯಂ ಕೂಡ ಅಲ್ಲಿಯದೇ. ಮನೆ ಅಂಗಳದಿಂದ ಹೊರಗೆ ಹಬ್ಬಿ ಈಗ ಚರಂಡಿ ತುಂಬ ಹಳದಿ ಹೂ ಬಿಡುವ ವೆಡೇಲಿಯಾವೂ ಅಷ್ಟೇ. ಫೆಬ್ರವರಿಯಲ್ಲಿ ಎಲೆ ಉದುರಿಸಿ ಕಡ್ಡಿ ತುಂಬ ತಿಳಿ ಗುಲಾಬಿ ಹೂ ಬಿಡುವ ಮರ ನೋಡಿ ಕೆಲವರು ಮರುಳಾಗುತ್ತಾರೆ. ಅದು ಗೊಬ್ಬರದ ಗಿಡ, ಗ್ಲಿರಿಸಿಡಿಯಾ, ಸೊಪ್ಪಿಗಾಗಿ ಬೇಲಿಗೆ ನೆಟ್ಟದ್ದು. ಗುಲ್‌ಮೊಹರ್ ಮಡಗಾಸ್ಕರಿನದು. ಅಕೇಶಿಯಾ ಆಸ್ಟ್ರೇಲಿಯಾ ಕಡೆಯದು. ಕಾರವಾರದ ಕಡಲದಂಡೆಯ ಗಾಳಿಮರವನ್ನೂ ಅಲ್ಲಿ ನೆಟ್ಟು ಬೆಳೆಸಿದ್ದೇ. ಗೇರು ಪೋರ್ಚುಗೀಸರ ಜೊತೆ ಬ್ರೆಜಿಲ್‌ನಿಂದ ಬಂತು. ಮುಟ್ಟಿದರೆ ಮುನಿಯೂ ಹೊರಗಿನದೇ ಅಂದರೆ ಯಾರೂ ನಂಬುವುದಿಲ್ಲ. ನಂಬಿ, ಅದರ ಮೂಲವೂ ಅಮೆರಿಕ ಖಂಡ.

ಗುರುತಿಸಲಿಕ್ಕೆ ಪಕ್ಕಾ ಸೂತ್ರ ಅಂತ ಇಲ್ಲ, ಒಂದು ಅಂದಾಜಿದೆ. ಒಂದೇ ಗಿಡ ಬೇರೇನನ್ನೂ ಬಿಡದೆ ಮಾರುಗಟ್ಟಲೆ ಹಬ್ಬಿದ್ದರೆ ಅನುಮಾನ ಪಡಿ. ಹೊಸದಾಗಿ ಮಣ್ಣು ಕಡಿದಲ್ಲಿ, ಜೆಸಿಬಿ ಓಡಾಡಿದಲ್ಲಿ, ಕಸ ಸುರಿದಲ್ಲಿ ಮೊದಲು ಬರುವುದು ಇಂಥವೇ. ನಮ್ಮ ಕಾಡಿನ ಗಿಡಗಳು ಸಾಮಾನ್ಯವಾಗಿ ಒಂದರ ಜೊತೆ ಒಂದು ಸೇರಿಕೊಂಡು ಇರುತ್ತವೆ. ಗುರಿಗೆ (ಕುರಿಂಜಿ), ಬಿದಿರು ಈ ಮಾತಿಗೆ ಅಪವಾದ.

ಹೊರಗಿನದ್ದೆಲ್ಲ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಮೆಣಸಿನಕಾಯಿಯೂ ಹೊರಗಿನದೇ. ಆದರೆ ಲಂಟಾನಾ ಫೋಟೋ ಹಾಕಿ ಪಶ್ಚಿಮ ಘಟ್ಟದ ವೈಭವ ಅಂತ ಬರೆದರೆ ಮನಸ್ಸಿಗೆ ಕಿರಿಕಿರಿ ಆಗುತ್ತದೆ, ಅಷ್ಟೇ.

ಮರದ ಮೇಲಿನ ಸೀತಾಳೆ ದಂಡೆ ಬಂದಳಿಕೆಯಾ? ಮರದ ಸಾರ ಹೀರುತ್ತದಾ?

ಇಲ್ಲ. ಸೀತಾಳೆ, ಅಂದರೆ ಆರ್ಕಿಡ್, ಮರದ ಮೇಲೆ ಕೂತಿರುತ್ತದೆ ಅಷ್ಟೇ, ಊಟ ಅದರದ್ದೇ. ಬೇರು ತೊಗಟೆಯ ಮೇಲೆ ಹರಡಿ ಗಾಳಿಯ ತೇವ, ಮಳೆನೀರು ಹೀರುತ್ತದೆ. ಬಂದಳಿಕೆ ಹಾಗಲ್ಲ, ಅದು ಕೊಂಬೆಯೊಳಗೇ ಬೇರು ಇಳಿಸಿ ಮರದ ನೀರು ಕದಿಯುತ್ತದೆ. ಮಾವಿನ ಮರದಲ್ಲಿ ಕೊಂಬೆ ಗಂಟು ಕಟ್ಟಿ, ಕಿತ್ತಳೆ ಬಣ್ಣದ ಕೊಳವೆ ಹೂ ಬಿಟ್ಟದ್ದು ಕಂಡರೆ ಅದು ಬಂದಳಿಕೆ.

ಸೀತಾಳೆ ದಂಡೆ ಅರಳುವುದು ಮೇ, ಜೂನ್‌ನಲ್ಲಿ. ನರಿಯ ಬಾಲದ ಹಾಗೆ ಜೋತುಬಿದ್ದ ಹೂಗೊನೆ, ಬಿಳಿಯ ಮೇಲೆ ನೇರಳೆ ಚುಕ್ಕಿ. ಮೇನಲ್ಲಿ ಬಂದರೆ ಹಳೆಯ ಮಾವು, ಹಲಸು, ಮತ್ತಿ ಮರಗಳ ಕವಲುಗಳನ್ನು ನೋಡುತ್ತಾ ಹೋಗಿ. ಫೆಬ್ರವರಿ ಮಾರ್ಚ್‌ನಲ್ಲಾದರೆ ಎಲೆಯೇ ಇಲ್ಲದ ದಂಟಿನ ಮೇಲೆ ಬಿಳಿ ಹೂ ಬಿಡುವ ಡೆಂಡ್ರೋಬಿಯಂ ಕಾಣಬಹುದು. ಗಾಳಿಗೆ ಬಿದ್ದ ಕೊಂಬೆಯಲ್ಲಿ ಸೀತಾಳೆ ಇದ್ದರೆ ಎತ್ತಿ ಹತ್ತಿರದ ಮರದ ಕವಲಿಗೆ ಇಟ್ಟುಬಿಡಿ. ಬೆಂಗಳೂರಿಗೆ ಒಯ್ಯಬೇಡಿ, ಅಲ್ಲಿನ ಬಾಲ್ಕನಿಯಲ್ಲಿ ಅದು ಒಣಗಿಯೇ ಹೋಗುತ್ತದೆ.

ಗುರಿಗೆ ಹೂ ಈ ವರ್ಷ ಇದೆಯಾ?

ಗುರಿಗೆಯಲ್ಲಿ ಹಲವು ಜಾತಿ. ಕೆಲವು ಏಳೆಂಟು ವರ್ಷಕ್ಕೊಮ್ಮೆ, ಕೆಲವು ಇನ್ನೂ ಜಾಸ್ತಿ ಕಾದು, ಎಲ್ಲವೂ ಒಟ್ಟಿಗೇ ಹೂ ಬಿಟ್ಟು, ಬೀಜ ಉದುರಿಸಿ ಸಾಯುತ್ತವೆ. ಒಂದು ಗುಡ್ಡದಲ್ಲಿ ಹೂ ಇದ್ದ ವರ್ಷ ಪಕ್ಕದ ಗುಡ್ಡದಲ್ಲಿ ಬರೀ ಸೊಪ್ಪು ಇರಬಹುದು. ಹಾಗಾಗಿ ದೂರದಲ್ಲಿ ಕೂತವರು ಇದಕ್ಕೆ ಉತ್ತರ ಹೇಳಲಿಕ್ಕೆ ಆಗುವುದಿಲ್ಲ. ಜೇನು ತೆಗೆಯುವವರನ್ನು ಕೇಳಿ. ಗುರಿಗೆ ಅರಳಿದ ವರ್ಷ ಜೇನು ಜೋರು, ಅವರಿಗೆ ಖಂಡಿತ ಗೊತ್ತಿರುತ್ತದೆ.

ಹುಳ ತಿನ್ನುವ ಗಿಡ ಇಲ್ಲಿ ಇದೆಯಂತೆ, ಹೌದಾ?

ಹೌದು, ಆದರೆ ಘಟ್ಟದಲ್ಲಿ ಹುಡುಕಬೇಡಿ. ಕೆಳಗೆ ಇಳಿದ ಮೇಲೆ ಕುಮಟಾ, ಹೊನ್ನಾವರ, ಭಟ್ಕಳ ಕಡೆಯ ಬೋಳು ಚಿರೆಕಲ್ಲಿನ ಗುಡ್ಡಗಳಿವೆಯಲ್ಲ, ಬೇಸಿಗೆಯಲ್ಲಿ ಕಾಲಿಡಲಾಗದಷ್ಟು ಕಾಯುವ ಜಾಗ, ಅಲ್ಲಿ. ಮಳೆಗಾಲದಲ್ಲಿ ಆ ಕಲ್ಲಿನ ತಗ್ಗುಗಳಲ್ಲಿ ನೀರು ನಿಂತಾಗ ನೀಲಿ ನೇರಳೆ ಬಣ್ಣದ ಸಣ್ಣ ಹೂಗಳು ಗುಂಪಾಗಿ ಏಳುತ್ತವೆ. ಅದು ಯುಟ್ರಿಕ್ಯುಲೇರಿಯಾ. ಮರಾಠಿಯವರು ಸೀತೆಯ ಕಣ್ಣೀರು ಅನ್ನುತ್ತಾರೆ. ಮೇಲೆ ಇಷ್ಟು ಮುಗ್ಧ ಹೂ, ಕೆಳಗೆ ಕೆಸರಿನಲ್ಲಿ ಗುಂಡುಸೂಜಿ ತಲೆಗಿಂತ ಸಣ್ಣ ಚೀಲಗಳು. ಸೂಕ್ಷ್ಮ ಜೀವಿ ಹತ್ತಿರ ಬಂದು ಚೀಲದ ಬಾಯಿಯ ರೋಮ ತಾಗಿಸಿದರೆ ಚೀಲ ಅದನ್ನು ನೀರಿನ ಸಮೇತ ಒಳಗೆ ಎಳೆದುಕೊಳ್ಳುತ್ತದೆ. ಕಲ್ಲಿನ ಮೇಲಿನ ಆ ತೆಳು ಮಣ್ಣಿನಲ್ಲಿ ಸಾರ ಇಲ್ಲ, ಸಾರಜನಕಕ್ಕೆ ಅದಕ್ಕೆ ಇದೇ ದಾರಿ.

ಪಕ್ಕದಲ್ಲೇ ಬಿಳಿ ಗುಂಡಿಯಂಥ ತಲೆಯ ಎರಿಯೋಕಾಲಾನ್ ಇರುತ್ತದೆ. ಎಲೆಯ ಮೇಲೆ ಅಂಟು ಹನಿ ಹೊತ್ತ ಡ್ರೊಸೆರಾ ಕೂಡ ಸಿಗಬಹುದು. ಈ ಗುಡ್ಡಗಳನ್ನು ಜನ ಬರಡು ಅನ್ನುತ್ತಾರೆ. ಕಲ್ಲು ಕೀಳಲಿಕ್ಕೆ, ಕಸ ಎಸೆಯಲಿಕ್ಕೆ ಮೊದಲು ಕಣ್ಣು ಬೀಳುವುದೂ ಇವುಗಳ ಮೇಲೇ.

ಬೇಸಿಗೆಯಲ್ಲಿ ಬಂದರೆ ಏನು ನೋಡಬಹುದು?

ಮರಗಳು. ಸುರಗಿ ಮೊದಲು. ಇದು ಪಶ್ಚಿಮ ಘಟ್ಟದ ಪಟ್ಟಿಯಲ್ಲಿ ಮಾತ್ರ ಬೆಳೆಯುವ ಮರ. ಹೂ ಬಿಡುವುದು ಎಳೆ ತುದಿಯಲ್ಲಲ್ಲ, ಹಳೆಯ ಕೊಂಬೆಯ ಗಂಟುಗಳಲ್ಲಿ. ಬಿಳಿ ಎಸಳು, ನಡುವೆ ಒತ್ತೊತ್ತಾಗಿ ಹಳದಿ ಕೇಸರ. ಮರ ಕಾಣುವ ಮೊದಲು ವಾಸನೆ ಬರುತ್ತದೆ. ಮೊಗ್ಗು ಕೊಯ್ದು ದಂಡೆ ಕಟ್ಟುತ್ತಾರೆ, ಒಣಗಿದ ಮೇಲೂ ತಿಂಗಳುಗಟ್ಟಲೆ ಪರಿಮಳ ಹೋಗುವುದಿಲ್ಲ. ನಮ್ಮ ಅಜ್ಜಿಯಂದಿರ ಸೀರೆ ಪೆಟ್ಟಿಗೆ ತೆಗೆದರೆ ಬರುತ್ತಿದ್ದ ವಾಸನೆ ಇದೇ.

ಹಳ್ಳದ ಬದಿಯಲ್ಲಿ ಅಶೋಕ. ಶಾಲೆ ಕಾಂಪೌಂಡಿನಲ್ಲಿ ನೆಟ್ಟಗೆ ನಿಂತಿರುವ ಮರ ಅಲ್ಲ, ಅದು ಬೇರೆ. ನಿಜವಾದ ಅಶೋಕದ ಹೂ ಗೊಂಚಲು ಕಾಂಡದ ಮೇಲೇ ಬರುತ್ತದೆ, ಕಿತ್ತಳೆಯಿಂದ ಕೆಂಪಿಗೆ ತಿರುಗುತ್ತದೆ. ಔಷಧಕ್ಕೆ ತೊಗಟೆ ಸುಲಿದು ಸುಲಿದು ಕಾಡಿನಲ್ಲಿ ಕಡಿಮೆ ಆಗಿದೆ. ಅಂಜನಿ ಹೂ ಬಿಟ್ಟಾಗ ಬರೀ ಕಡ್ಡಿಗೆ ನೀಲಿ ಬಣ್ಣ ಬಳಿದ ಹಾಗಿರುತ್ತದೆ. ಏಪ್ರಿಲ್ ಮೇನಲ್ಲಿ ಕಕ್ಕೆ, ಹೊಳೆದಾಸವಾಳ, ಪೊದೆಗಳ ಮೇಲೆ ಕಾಡುಮಲ್ಲಿಗೆ. ಮುತ್ತುಗ ನೋಡಬೇಕಾದರೆ ಮಾತ್ರ ಈ ಕಡೆ ಬಿಟ್ಟು ಮುಂಡಗೋಡ, ಹಳಿಯಾಳದ ಒಣ ಕಾಡಿಗೆ ಹೋಗಿ.

ಅಪ್ಪೆಮಿಡಿಯನ್ನೂ ಸೇರಿಸಬೇಕು. ಹೊಳೆಸಾಲಿನ ಕಾಡುಮಾವು, ಉಪ್ಪಿನಕಾಯಿಯಿಂದ ಹೆಸರು ಮಾಡಿತು, 2009ರಲ್ಲಿ ಶಿರಸಿ ಭಾಗದ ಅಪ್ಪೆಮಿಡಿಗೆ ಭೌಗೋಳಿಕ ಸೂಚಿಕೆಯೂ ಸಿಕ್ಕಿತು. ಮಿಡಿಗೆ ಬೆಲೆ ಬಂದ ಮೇಲೆ ಕೊಂಬೆ ಸಮೇತ ಕಡಿದು ಇಳಿಸುವವರೂ ಬಂದರು. ಆ ಮರ ಮತ್ತೆ ಚೇತರಿಸಿಕೊಳ್ಳಲಿಕ್ಕೆ ವರ್ಷಗಳು ಬೇಕು.

ರಾಂಪತ್ರೆ ಜಡ್ಡಿ ನೋಡಬಹುದಾ?

ಸಿದ್ದಾಪುರ ತಾಲೂಕಿನ ಕತ್ತಲೆಕಾನಿನಲ್ಲಿ ಇದೆ, ಹೊನ್ನಾವರ ಜೋಗ ದಾರಿಯ ಆಸುಪಾಸು. ವರ್ಷಪೂರ್ತಿ ನೀರು ನಿಂತಿರುವ ಜೌಗು, ಅದರಲ್ಲಿ ಕಾಡುಜಾಯಿಕಾಯಿ ಜಾತಿಯ ಮರಗಳು. ಕೆಸರಿನಲ್ಲಿ ಉಸಿರಾಡಲಿಕ್ಕೆ ಬೇರುಗಳು ಮಂಡಿ ಮಡಚಿ ಮೇಲೆ ಬಂದಿರುತ್ತವೆ. ಆ ಕಾನಿನ ಹೆಸರನ್ನೇ ಇಟ್ಟುಕೊಂಡ ಒಂದು ಮರವಿದೆ, ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್, 2000ನೇ ಇಸವಿಯಲ್ಲಿ ಹೊಸ ಜಾತಿ ಅಂತ ಗುರುತಾಯಿತು. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಳಗೆ ಹೋಗಬೇಡಿ. ಗುಂಪು ಕಟ್ಟಿಕೊಂಡು ಹೋಗಿ ಕೆಸರು ತುಳಿದರೆ ಎಳೆ ಸಸಿಗಳೇ ಉಳಿಯುವುದಿಲ್ಲ.

ಮುಟ್ಟಬಾರದ ಗಿಡ ಯಾವುದು?

ಹೊಳಗೇರು. ಇದರ ಸೊನೆ ತಾಗಿದರೆ ಚರ್ಮ ಸುಟ್ಟು ಗುಳ್ಳೆ ಏಳುತ್ತದೆ. ಕಾಂಡದ ಮೇಲೆ ಕಪ್ಪು ಸೊನೆ ಒಣಗಿದ ಕಲೆ ಕಂಡರೆ ಒರಗಿಕೊಳ್ಳಬೇಡಿ, ಮಳೆಯಲ್ಲಿ ಅದರ ಕೆಳಗೆ ನಿಲ್ಲಬೇಡಿ. ಬೇಸಿಗೆ ಶುರುವಿನಲ್ಲಿ ನಸುಗುನ್ನಿ ಕಾಯಿ. ನೋಡಲಿಕ್ಕೆ ಕಂದು ಮಖಮಲ್ಲು, ಆ ರೋಮ ಗಾಳಿಗೆ ಹಾರಿ ಕುತ್ತಿಗೆಗೆ ಬಿದ್ದರೆ ದಿನವಿಡೀ ಕೆರೆದುಕೊಳ್ಳುತ್ತಲೇ ಇರಬೇಕು. ತುರಿಕೆ ಸೊಪ್ಪೂ ದಾರಿ ಪಕ್ಕದಲ್ಲೇ ಇರುತ್ತದೆ, ಊರಿನವರು ಜೊತೆಗಿದ್ದರೆ ತೋರಿಸುತ್ತಾರೆ.

ಕಾಡಿನ ಹಣ್ಣು, ಹೂ ತಿನ್ನಬಹುದಾ?

ಗೊತ್ತಿರುವವರು ಕೊಟ್ಟರೆ ತಿನ್ನಿ. ಕವಳಿ, ಸಂಪಿಗೆ ಹಣ್ಣು, ನೇರಳೆ, ಮುರುಗಲು (ಕೋಕಂ) ಇವೆಲ್ಲ ಮೇ ತಿಂಗಳ ಆಸುಪಾಸು. ನೆಕ್ಕರಿಕದ ಹಣ್ಣು ತಿಂದರೆ ನಾಲಿಗೆ ಕಪ್ಪು ನೀಲಿ. ಅದರ ಕುಡಿಯ ತಂಬುಳಿ, ಕೇಪಳೆ ಹೂವಿನ ತಂಬುಳಿ ನಮ್ಮ ಮನೆಗಳಲ್ಲಿ ಈಗಲೂ ಮಾಡುತ್ತಾರೆ. ಆದರೆ ಮೊಬೈಲಿನ ಆ್ಯಪ್ ಹೇಳಿತು ಅಂತ ಯಾವುದನ್ನೂ ಬಾಯಿಗೆ ಹಾಕಬೇಡಿ. ಅಣಬೆಯನ್ನಂತೂ ಬೇಡವೇ ಬೇಡ.

ಉಂಬಳಕ್ಕೆ (ಜಿಗಣೆಗೆ) ಏನು ಮಾಡಬೇಕು?

ಏನು ಮಾಡಿದರೂ ಒಂದೆರಡು ಹತ್ತುತ್ತವೆ. ಉದ್ದ ಕಾಲುಚೀಲಕ್ಕೆ ಪ್ಯಾಂಟು ಸಿಕ್ಕಿಸಿಕೊಳ್ಳಿ. ಸುಣ್ಣ, ಉಪ್ಪು, ಹೊಗೆಸೊಪ್ಪು ಅದ್ದಿದ ಎಣ್ಣೆ, ಯಾವುದಾದರೂ ನಡೆಯುತ್ತದೆ. ಕಚ್ಚಿದರೆ ಸ್ವಲ್ಪ ಹೊತ್ತು ರಕ್ತ ಸೋರುತ್ತದೆ, ತುರಿಕೆ ಆಗುತ್ತದೆ, ಹೆದರಬೇಡಿ.

ಹೆದರಬೇಕಾದದ್ದು ಉಣುಗಿಗೆ (ಉಣ್ಣೆ ಹುಳಕ್ಕೆ). ಡಿಸೆಂಬರಿನಿಂದ ಮೇವರೆಗೆ, ಅದು ಕಚ್ಚಿ ಹರಡುವ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ರೋಗ ನಮ್ಮ ಸಿದ್ದಾಪುರ, ಹೊನ್ನಾವರ ಕಡೆಯೂ ಬಂದಿದೆ. ಎಳೆಯ ಉಣುಗು ಕಣ್ಣಿಗೆ ಕಾಣದಷ್ಟು ಸಣ್ಣದು. ಬೇಸಿಗೆಯಲ್ಲಿ ತರಗೆಲೆಯ ಮೇಲೆ ಕೂರಬೇಡಿ, ಮಂಗ ಸತ್ತುಬಿದ್ದ ಸುದ್ದಿ ಇರುವ ಕಾಡಿಗೆ ಹೋಗಲೇಬೇಡಿ, ಮನೆಗೆ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ ಸ್ನಾನ ಮಾಡಿ. ಉಣುಗು ಹತ್ತದಂತೆ ಮೈಗೆ ಹಚ್ಚುವ ಡೆಪಾ ಎಣ್ಣೆ ಆರೋಗ್ಯ ಕೇಂದ್ರದಲ್ಲಿ ಇದೆಯಾ ಕೇಳಿ. ಕಾಡಿಗೆ ಹೋಗಿ ಬಂದ ಮೇಲೆ ಜ್ವರ ಬಂದರೆ ಡಾಕ್ಟರಿಗೆ ಕಾಡಿಗೆ ಹೋಗಿದ್ದೆ ಅಂತ ಮೊದಲೇ ಹೇಳಿ.

ಹೆಸರು ಪತ್ತೆ ಮಾಡುವುದು ಹೇಗೆ?

ಒಂದು ಗಿಡಕ್ಕೆ ನಾಲ್ಕು ಫೋಟೋ ತೆಗೆಯಿರಿ. ಹೂ ಎದುರಿನಿಂದ, ಹೂ ಪಕ್ಕದಿಂದ, ಎಲೆಯ ಮೇಲೆ ಕೆಳಗೆ, ಇಡೀ ಗಿಡ. ಬರೀ ಹೂವಿನ ಚಂದದ ಫೋಟೋ ಕಳಿಸಿ ಹೆಸರು ಕೇಳಿದರೆ ಯಾರಿಂದಲೂ ಆಗುವುದಿಲ್ಲ. ಘಟ್ಟದಲ್ಲಿ ಸಿಗ್ನಲ್ ಸಿಗುವುದಿಲ್ಲ, ಮನೆಗೆ ಬಂದ ಮೇಲೆ ಐನ್ಯಾಚುರಲಿಸ್ಟ್ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೆ ಹಾಕಿ, ತಿಳಿದವರು ನೋಡಿ ಸರಿಮಾಡುತ್ತಾರೆ. ಭಾರತೀಯ ವಿಜ್ಞಾನ ಸಂಸ್ಥೆಯ ಡಿಜಿಟಲ್ ಫ್ಲೋರಾ ಆಫ್ ಕರ್ನಾಟಕ ಕೂಡ ಇದೆ. ಗೂಗಲ್ ಲೆನ್ಸ್ ಬಣ್ಣ ನೋಡಿ ಏನೇನೋ ಹೇಳುತ್ತದೆ, ನಾನಂತೂ ಅದನ್ನು ನಂಬುವುದಿಲ್ಲ. ಅಪರೂಪದ ಸೀತಾಳೆ ಸಿಕ್ಕರೆ ಜಾಗದ ಹೆಸರು ಬಹಿರಂಗವಾಗಿ ಹಾಕಬೇಡಿ, ಕಿತ್ತುಕೊಂಡು ಹೋಗುವವರೂ ಅದನ್ನು ಓದುತ್ತಾರೆ.

ಊರ ಹೆಸರು ಬೇಕಾದರೆ ಊರವರನ್ನೇ ಕೇಳಬೇಕು. ಹಾಲಕ್ಕಿ ಒಕ್ಕಲಿಗರ ಹಿರಿಯರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿಲ್ಲ. ಅಂಕೋಲೆಯ ಹೊನ್ನಳ್ಳಿಯ ತುಳಸಿ ಗೌಡ ಅದೇ ಸಮುದಾಯದವರು. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಕೂಲಿಯಾಗಿ ಶುರು ಮಾಡಿ, ಓದು ಬರಹ ಇಲ್ಲದೆ, ಯಾವ ತಾಯಿಮರದಿಂದ ಯಾವಾಗ ಬೀಜ ತೆಗೆಯಬೇಕು ಅಂತ ಕಣ್ಣಲ್ಲೇ ಹೇಳುತ್ತಿದ್ದರು. 2020ರ ಪದ್ಮಶ್ರೀ ಅವರಿಗೆ ಬಂತು. 2024ರ ಡಿಸೆಂಬರಿನಲ್ಲಿ ತೀರಿಕೊಂಡರು.

ಒಂದು ಗಿಡ ಕಿತ್ತು ಮನೆಗೆ ತಂದರೆ ತಪ್ಪಾ?

ತಪ್ಪು. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದಲ್ಲಿ 1972ರ ವನ್ಯಜೀವಿ ಕಾಯ್ದೆ ಇದೆ, ಮೀಸಲು ಅರಣ್ಯಕ್ಕೆ 1963ರ ಕರ್ನಾಟಕ ಅರಣ್ಯ ಕಾಯ್ದೆ ಇದೆ. ಕಾಯ್ದೆ ಬದಿಗಿಡಿ, ಧರೆಯ ಸೊನೆರಿಲಾವನ್ನು ಕುಂಡದಲ್ಲಿ ಬದುಕಿಸಲಿಕ್ಕೆ ಆಗುವುದೇ ಇಲ್ಲ. ನಮ್ಮ ಕಾಡಿನ ಮರ ಬೆಳೆಸುವ ಆಸೆ ಇದ್ದರೆ ಮಳೆಗಾಲದ ಶುರುವಿನಲ್ಲಿ ಅರಣ್ಯ ಇಲಾಖೆಯ ನರ್ಸರಿಯಲ್ಲಿ ಸಸಿ ಕೇಳಿ. ಹೊಳೆದಾಸವಾಳ, ರೆಂಜೆ, ಅಶೋಕ, ಮುರುಗಲು ಮನೆಯ ಹಿತ್ತಲಲ್ಲಿ ಚೆನ್ನಾಗಿ ಬರುತ್ತವೆ.

ಮಳೆಗಾಲದಲ್ಲಿ ಘಟ್ಟದ ದಾರಿ ಅಪಾಯ ಅಲ್ವಾ?

ಜೋರು ಮಳೆ ಇದ್ದಾಗ ಹೌದು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯಲ್ಲಿದ್ದವರೇ ಸತ್ತರು. ಅದು ಘಟ್ಟವೂ ಅಲ್ಲ, ಕರಾವಳಿಯ ಅಗಲ ರಸ್ತೆ. ರೆಡ್ ಅಲರ್ಟ್ ಇದ್ದ ದಿನ ಹೊರಡಬೇಡಿ. ನಾನು ಹಳೆಯ ಧರೆ ನೋಡಿ ಅಂದದ್ದು ಮಳೆ ಬಿಟ್ಟು ನಾಲ್ಕು ದಿನ ಬಿಸಿಲು ಬಂದ ಮೇಲೆ. ಧರೆಯಿಂದ ಕೆಂಪು ನೀರು ಬರುತ್ತಿದ್ದರೆ, ಸಣ್ಣ ಕಲ್ಲು ಉದುರುತ್ತಿದ್ದರೆ, ಮರ ವಾಲಿದ್ದರೆ ಅಲ್ಲಿ ನಿಲ್ಲಬೇಡಿ.

ಸಿಂಗಳೀಕ ಕಾಣುತ್ತದಾ?

ಅದೃಷ್ಟ ಇದ್ದರೆ. 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶ ಮಾಡಿದ್ದು ಶಿರಸಿ ಹೊನ್ನಾವರ ಭಾಗದ ಕಾಡಿನಲ್ಲೇ. ರಸ್ತೆಯಲ್ಲಿ ಕಾಣುವುದು ಸಾಮಾನ್ಯ ಮಂಗಗಳು. ಯಾವುದಕ್ಕೂ ಚಿಪ್ಸ್, ಬಾಳೆಹಣ್ಣು ಹಾಕಬೇಡಿ.

ಸ್ವಂತ ಗಾಡಿ ಇಲ್ಲ. ಬಸ್ಸಿನಲ್ಲಿ ಆಗುತ್ತದಾ?

ಧಾರಾಳವಾಗಿ. ಶಿರಸಿ ಕುಮಟಾ ನಡುವೆ ಸರ್ಕಾರಿ ಬಸ್ಸು ಓಡುತ್ತದೆ. ಎಕ್ಸ್‌ಪ್ರೆಸ್ ಬಿಟ್ಟು ಸಾದಾ ಬಸ್ಸು ಹತ್ತಿ, ದೇವಿಮನೆಯಲ್ಲಿ ಇಳಿಸಿ ಅಂತ ಕಂಡಕ್ಟರಿಗೆ ಟಿಕೆಟ್ ತೆಗೆಯುವಾಗಲೇ ಹೇಳಿ. ಬುತ್ತಿ, ನೀರು ಜೊತೆಗಿರಲಿ. ವಾಪಸ್ ಬರಲಿಕ್ಕೆ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಅಂತ ಹೊರಡುವ ಮೊದಲು ಬಸ್‌ಸ್ಟ್ಯಾಂಡಿನಲ್ಲೇ ಕೇಳಿಕೊಳ್ಳಿ, ಕಾಲ ಬದಲಾದ ಹಾಗೆ ಅದೂ ಬದಲಾಗುತ್ತದೆ.